ನಲವತ್ತೊಂದು ಹೆಸರು

ಚೆನ್ನಾಗಿ ನಿದ್ದೆ ಬಂದಿತ್ತು. ಎಚ್ಚರವಾದ ಕೂಡಲೇ ಇಸ್ಮೆಗೆ ನಾಚಿಕೆಯಾದದ್ದು ಅದಕ್ಕೇ. ಗಂಡನನ್ನು ಮಣ್ಣು ಮಾಡಿ ನಾಲ್ಕನೆಯ ದಿನ, ಮಗುವಿನ ಹಾಗೆ ಬಾಯಿ ತೆರೆದುಕೊಂಡು ಮಲಗಿದ್ದಳು. ದಿಂಬು ಜೊಲ್ಲಿನಿಂದ ಒದ್ದೆಯಾಗಿತ್ತು. ಹೊಟ್ಟೆಯೂ ಹಸಿದಿತ್ತು. ಮೂರನೆಯ ರಾತ್ರಿಯ ಪ್ರಾರ್ಥನೆಗೆ ಬಂದವರೆಲ್ಲ ಹೋಗಿ ಮನೆ ಮೊದಲಿನಂತಾಗಿತ್ತು. ಅಂಗಳದಲ್ಲಿ ಕೋಳಿ ಕೆದಕುವ ಸದ್ದು, ಆಚೆ ಗುಡ್ಡದ ಮೇಲೆ ಯಾರದೋ ಕತ್ತೆ, ಅದಕ್ಕೂ ಆಚೆ ಸಮುದ್ರ. ಕನಸು ಬಿತ್ತೇ ಎಂದು ತನ್ನನ್ನೇ ಕೇಳಿಕೊಂಡಳು. ಇಲ್ಲ. ಕಣ್ಣು ಮುಚ್ಚಿ, ಹರಿದುಹೋದ ಬಟ್ಟೆಯ ಅಂಚು ಹುಡುಕುವಂತೆ, ನಿದ್ದೆಯ ಕೊನೆಯನ್ನು ಹುಡುಕಿದಳು. ಅವನು ಬಂದಿರಲಿಲ್ಲ. ಈ ಕ್ಯಾರಿಯಾಕೂ ದ್ವೀಪದಲ್ಲಿ ಸತ್ತವರು ಬರುವುದು ಕನಸಿನಲ್ಲಿ. ಬಂದು ತಮಗೆ ಬೇಕಾದ್ದನ್ನು ಕೇಳುತ್ತಾರೆ. ಜೋಳದ ಮುದ್ದೆ ಬೇಕು, ಹುಂಜ ಬೇಕು, ಗೋರಿಗೆ ಕಲ್ಲು ಬೇಕು, ನನ್ನ ಹೆಸರು ಹಿಡಿದು ನಗಾರಿ ಬಾರಿಸಿ. ಕೇಳಿದ್ದನ್ನು ಮಾಡದೆ ಇರುವ ಹಾಗಿಲ್ಲ. ಐದು ವರ್ಷ ಹಿಂದೆ ಇಲ್ಲಿಗೆ ಸೊಸೆಯಾಗಿ ಬಂದಾಗ ಇದನ್ನು ಕೇಳಿ ಅವಳು ನಕ್ಕಿದ್ದಳು. ಈಗ ಮೂರು ರಾತ್ರಿಯಿಂದ ಕಾದುಕೊಂಡು ಮಲಗುತ್ತಿದ್ದಳು.

ಮುಂದಿನ ಕೋಣೆಯಲ್ಲಿ ಎಡೆ ಇಟ್ಟ ತಟ್ಟೆ ಬಿಳಿ ಬಟ್ಟೆಯ ಕೆಳಗೆ ಹಾಗೇ ಇತ್ತು. ಜೋಳದ ಮುದ್ದೆ, ತೊಗರಿಕಾಳು, ಹುರಿದ ಮೀನು. ಬಟ್ಟೆಯ ಅಂಚಿನಿಂದ ಇರುವೆಗಳ ಸಾಲು ಮೇಜಿನ ಕಾಲಿನವರೆಗೂ ಇಳಿದಿತ್ತು. ಅದನ್ನು ನೋಡುತ್ತ ನಿಂತಿದ್ದಾಗ ಯೂನೀಸ್ ಬಂದಳು. ಯೂನೀಸ್ ಅವನ ಅಕ್ಕ, ಎರಡು ಮನೆ ಆಚೆ ಇರುವವಳು, ಬಾಗಿಲು ತಟ್ಟುವ ಅಭ್ಯಾಸ ಇಲ್ಲದವಳು. ಕೈಯಲ್ಲಿದ್ದ ರೊಟ್ಟಿಯನ್ನು ಕಿಟಕಿಯ ಮೇಲಿಟ್ಟು, ನೇರ ತಟ್ಟೆಯ ಹತ್ತಿರ ಹೋಗಿ, ಬಟ್ಟೆ ಸರಿಸಿ, ಮುದ್ದೆಯ ಮೂಲೆಯಿಂದ ಒಂದಿಷ್ಟು ಚಿವುಟಿ ನಾಲಿಗೆಗೆ ಹಚ್ಚಿದಳು. ಮುಖ ಬದಲಾಯಿತು.

"ಇದ್ಯಾರು ಮಾಡಿದ್ದು?"

"ನಾನೇ, ಅಕ್ಕಾ."

"ಉಪ್ಪು ಹಾಕಿದೀಯಲ್ಲೇ."

ಇಸ್ಮೆ ಮೇಜಿನ ಮೇಲಿನ ಇರುವೆಗಳನ್ನು ಬೆರಳಿನಿಂದ ಒರೆಸಿದಳು.

"ಸತ್ತವರ ತಟ್ಟೆಗೆ ಯಾರಾದ್ರೂ ಉಪ್ಪು ಹಾಕ್ತಾರಾ? ಪಟ್ಟಣದಲ್ಲಿ ಹಾಕ್ತೀರೇನೋ, ನಂಗೊತ್ತಿಲ್ಲಪ್ಪ. ಉಪ್ಪು ತಿಂದ್ರೆ ಅವರ ಮೈ ಭಾರ ಆಗತ್ತೆ ಮಗಳೇ. ಹೋಗೋದು ಹ್ಯಾಗೆ, ತಿರುಗಿ ಬರೋದು ಹ್ಯಾಗೆ?"

"ಎರಡು ವರ್ಷ ಉಪ್ಪಿಲ್ಲದೆ ಬಡಿಸಿದೀನಿ ಅಕ್ಕಾ. ಇದೊಂದು ತಟ್ಟೆಗಾದ್ರೂ..."

"ಇದ್ದಾಗ ಹಾಕ್ಬೇಕಿತ್ತು, ಹಾಕ್ಲಿಲ್ಲ. ಹಾಕ್ಬಾರದಾಗ ಹಾಕಿದೀಯ." ಯೂನೀಸ್ ಸಿಟ್ಟಿನಿಂದ ಹೇಳಲಿಲ್ಲ, ಬಟ್ಟೆ ಒಗೆಯುವಾಗ ಕಲೆ ತೋರಿಸುವ ಹಾಗೆ ಹೇಳಿದಳು. ತಟ್ಟೆ ಎತ್ತಿಕೊಂಡು ಹೋಗಿ ಕೋಳಿಗಳಿಗೆ ಸುರಿದಳು.

ಉಪ್ಪು ಬಿಡಿಸಿದವರು ವೈದ್ಯರು. ಅವನ ಮೂತ್ರಪಿಂಡ ಸೆರೆಮನೆಯಲ್ಲೇ ಕೆಟ್ಟಿತ್ತು, ಇಸ್ಮೆ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಬಿಳಿಯರ ಸರ್ಕಾರ ಹಾಕಿದ ಹನ್ನೊಂದು ತಿಂಗಳ ಸೆರೆ, ಅದರಲ್ಲಿ ನಾಲ್ಕು ತಿಂಗಳು ಒಂಟಿ ಕೋಣೆ. ಉಪ್ಪು ಮುಟ್ಟಬಾರದು ಎಂದ ಮೇಲೆ ಇಸ್ಮೆ ಉಪ್ಪಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ದ್ವೀಪ ದ್ವೀಪಗಳಲ್ಲಿ ಸಾವಿರಾರು ಜನರೆದುರು ನಿಂತು ಮಾತಾಡಿದ ಡಾಕ್ಟರ್ ಆಲ್ಡ್ವಿನ್ ಕ್ವಾಶಿ, ಐವತ್ತೆರಡು ವರ್ಷದ ಇತಿಹಾಸಕಾರ, ಮಧ್ಯಾಹ್ನ ಅವಳು ಮಲಗಿದಾಗ ಅಡುಗೆಮನೆಯಲ್ಲಿ ಮೆಲ್ಲಗೆ ಡಬ್ಬಿ ಡಬ್ಬಿ ತೆಗೆದು ನೋಡುತ್ತಿದ್ದ. ಒಮ್ಮೆ ಎದ್ದು ಬಂದು ಬಾಗಿಲಲ್ಲಿ ನಿಂತಳು. ಅವನು ತಿರುಗಿ, "ಒಂದು ಹರಳು, ಇಸ್ಮೆ," ಅಂದ. ಅವಳು ಕೊಡಲಿಲ್ಲ. ಆ ಹೊತ್ತು ತನಗೆ ಒಳಗೊಳಗೇ ಒಂದು ಸುಖವಾಗಿತ್ತು ಎಂಬುದನ್ನು ಯಾರಿಗೂ ಹೇಳುವಂತಿರಲಿಲ್ಲ. ಇಡೀ ಜನಾಂಗಕ್ಕೆ ಸೇರಿದವನು ಅಷ್ಟರಮಟ್ಟಿಗೆ ತನ್ನ ಬೀಗದ ಕೈಯೊಳಗಿದ್ದ.

"ಹಾಡು ಹೇಳೋ ಮೆಲ್ಟಾಗೆ ಕನಸು ಬಿತ್ತಂತೆ," ಯೂನೀಸ್ ಒಳಗೆ ಬರುತ್ತ ಅಂದಳು.

ಇಸ್ಮೆ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದಳು.

"ನಿನ್ನೆ ರಾತ್ರೀನೇ. ಬಂದಿದ್ನಂತೆ. ಮುಚ್ಚಳ ವಾಪಸ್ ಕೊಟ್ಬಿಡಿ ಅಂದ್ನಂತೆ. ಅವಳ ಅಪ್ಪನ ಹಡಗಿನ ಪೆಟ್ಟಿಗೆ ಮುಚ್ಚಳ, ಇವನು ಕೇಳಿ ತಂದಿದ್ದು. ಇದೆಯಾ ಇಲ್ಲಿ?"

"ಮೆಲ್ಟಾಗೇ ಹೇಳಿದ್ನಾ?"

"ಮತ್ತ್ಯಾರಿಗೆ ಹೇಳ್ಬೇಕಿತ್ತು?" ಎಂದ ಯೂನೀಸ್ ಮಾತು ನಾಲಿಗೆಯಿಂದ ಜಾರಿದ ಮೇಲೆ ಇಸ್ಮೆಯ ಮುಖ ನೋಡಿದಳು. "ನೀನು ಮನಸ್ಸಿಗೆ ಹಚ್ಕೋಬೇಡ. ಅವಳಿಗೆ ಅಭ್ಯಾಸ ಇದೆ. ಕುಲದ ಹಾಡು ಹೇಳೋಳು, ಸತ್ತವರಿಗೆ ಅವಳ ಮನೆ ದಾರಿ ಗೊತ್ತು."

ಯೂನೀಸ್ ಹೋದ ಮೇಲೆ ಇಸ್ಮೆ ಅವನ ಬರೆಯುವ ಕೋಣೆಗೆ ಹೋದಳು. ಅವನು ಮೇಜಿನಲ್ಲಿ ಬರೆಯುತ್ತಿರಲಿಲ್ಲ. ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಟ್ಟುಕೊಂಡ ಹಲಗೆಯ ಮೇಲೆ ಬರೆಯುತ್ತಿದ್ದ. ಹಲಗೆ ಈಗಲೂ ಕುರ್ಚಿಯ ಮೇಲೆ ಅಡ್ಡ ಇತ್ತು, ಅವನು ಎದ್ದು ಕೈ ತೊಳೆಯಲು ಹೋದವನ ಹಾಗೆ. ಒಂದು ಮಾರಿಗಿಂತ ಸ್ವಲ್ಪ ಕಡಿಮೆ ಉದ್ದದ ಸೀಡರ್ ಮರ, ಒಂದು ಅಂಚಿನಲ್ಲಿ ಬಿಜಾಗರಿ ಕಿತ್ತ ಗುರುತು, ಮೇಲೆ ಚಾಕುವಿನಲ್ಲಿ ಕೆತ್ತಿದ, ಒಂದು ಮನೆತನದಲ್ಲಿ ಸತ್ತವರ ಹೆಸರುಗಳು. ನಲವತ್ತೊಂದು. ಎರಡು ವರ್ಷದ ಹಿಂದೆ ಒಂದು ಸಂಜೆ ಹೆಗಲ ಮೇಲೆ ಹೊತ್ತು ತಂದು, "ಜ್ಯಾನೆಟ್ ಬಿರುಗಾಳಿಯಲ್ಲಿ ಬಿದ್ದುಹೋದ ಮನೇದು. ವಾರಸುದಾರರು ಯಾರೂ ಉಳಿದಿಲ್ಲ," ಎಂದಿದ್ದ. ಅವಳು ಒದ್ದೆ ಬಟ್ಟೆಯಿಂದ ಧೂಳು ಒರೆಸಿದ್ದಳು. ಅವನು ಒಂದೊಂದೇ ಹೆಸರು ಓದಿದ್ದ, ಅವಳು ಬರೆದುಕೊಂಡಿದ್ದಳು. ಇಬ್ಬರ ತಲೆಯೂ ಒಂದೇ ದೀಪದ ಕೆಳಗಿತ್ತು. ಅವರಿಗೆ ಮಕ್ಕಳಿರಲಿಲ್ಲ; ಆ ಸಂಜೆ ತಮ್ಮದೇ ಒಂದು ಏನೋ ಹುಟ್ಟಿತು ಎಂದು ಅವಳು ಅಂದುಕೊಂಡಿದ್ದಳು. ಪುಸ್ತಕದ ಕೊನೆಯ ಅಧ್ಯಾಯ ಈ ಹಲಗೆಯಿಂದಲೇ ಬಂತು. ಮೆಲ್ಟಾಳ ಅಪ್ಪನ ಪೆಟ್ಟಿಗೆಯ ಮುಚ್ಚಳ. ಮೆಲ್ಟಾ ಬದುಕಿದ್ದಳು. ಬಿರುಗಾಳಿಯಲ್ಲಿ ಬಿದ್ದ ಮನೆಯಲ್ಲ, ಎರಡು ಮೈಲಿ ಆಚೆ ಲೆಸ್ಟರ್ ಊರಿನಲ್ಲಿ ಒಲೆ ಉರಿಯುತ್ತಿದ್ದ ಮನೆ.

ಶನಿವಾರ ಅವನು ಲೆಸ್ಟರ್‌ಗೆ ಹೋಗುತ್ತಿದ್ದ. ಹಾಡು ಬರೆದುಕೊಳ್ಳಲು ಎನ್ನುತ್ತಿದ್ದ. ಬರುವಾಗ ತುಟಿಯಲ್ಲಿ ಏನೋ ಒಂದು ತೃಪ್ತಿ ಇರುತ್ತಿತ್ತು, ರಾತ್ರಿ ಊಟ ಬೇಡವೆನ್ನುತ್ತಿದ್ದ, ಭಾನುವಾರ ಕಾಲು ಊದಿಕೊಳ್ಳುತ್ತಿತ್ತು. ಒಮ್ಮೆ ಅಂಗಿ ಒಗೆಯುವಾಗ ತೋಳಿನ ತುದಿಯಲ್ಲಿ ಉಪ್ಪುಮೀನಿನ ವಾಸನೆ ಬಂತು. ಅವಳು ಅದನ್ನು ಎರಡು ಸಲ ಸಾಬೂನು ಹಚ್ಚಿ ಒಗೆದಳು, ಕೇಳಲಿಲ್ಲ. ಹೆಣ್ಣಿನ ವಾಸನೆಯಾಗಿದ್ದರೆ ಕೇಳಬಹುದಿತ್ತು. ಉಪ್ಪಿನ ವಾಸನೆಗೆ ಗಂಡನನ್ನು ಏನೆಂದು ಹಿಡಿದು ನಿಲ್ಲಿಸುವುದು? ತಾನು ಬೀಗ ಹಾಕಿಟ್ಟಿದ್ದನ್ನು ಇನ್ನೊಬ್ಬಳು ಬಟ್ಟಲಲ್ಲಿ ಹಾಕಿ ಕೊಡುತ್ತಿದ್ದಾಳೆ, ಅವನು ಕಾಲು ಚಾಚಿ ಕೂತು ತಿನ್ನುತ್ತಿದ್ದಾನೆ, ತಿನ್ನುತ್ತ ಮಾತಾಡುತ್ತಿದ್ದಾನೆ. ಆ ಮಾತುಗಳೇ ಅವಳಿಗೆ ಬೇಕಾಗಿದ್ದವು. ಮನೆಗೆ ಬಂದು ಅವನು ಹೇಳಿ ಬರೆಸುತ್ತಿದ್ದದ್ದು ಆಗಲೇ ಯಾರೋ ಕೇಳಿ ಮುಗಿಸಿದ ಮಾತು, ಆರಿದ ಅನ್ನದ ಹಾಗೆ.

ಅವನ ವಾದ ಸರಳವಾಗಿತ್ತು, ಅದಕ್ಕೇ ಜನ ಅದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಏನಾಯಿತು ಎನ್ನುವುದು ಬರೀ ಸುದ್ದಿ. ಸತ್ತವರು ಇನ್ನೂ ಏನು ಕೇಳುತ್ತಿದ್ದಾರೆ ಎನ್ನುವುದು ಇತಿಹಾಸ. ಒಡೆಯರ ಕಡತಗಳಲ್ಲಿ ನಮ್ಮವರು ಎಷ್ಟು ತಲೆ, ಎಷ್ಟು ವಯಸ್ಸು, ಯಾವ ತೋಟಕ್ಕೆ ಎಂದಷ್ಟೇ ಇದೆ. ಅದನ್ನು ಓದಿ ಬರೆದರೆ ನಾವೂ ಒಡೆಯರ ಗುಮಾಸ್ತರೇ. ನಮ್ಮ ಕಡತ ಇರುವುದು ಅಜ್ಜಿಯ ಕನಸಿನಲ್ಲಿ, ನಗಾರಿಯ ಮುಂದೆ ಮಂಡಿಯೂರಿ ತಪ್ಪಾಯಿತು ಎಂದು ಹೇಳುವ ಹಾಡಿನಲ್ಲಿ, ಕ್ರೊಮಾಂಟಿ, ಇಗ್ಬೊ, ಟೆಮ್ನೆ ಎಂದು ಹಿರಿಯರ ಮೂಲನಾಡಿನ ಕುಲ ಕುಲವಾಗಿ ಕೂಗಿ ಕರೆಯುವ ಹೆಸರುಗಳಲ್ಲಿ. ಸತ್ತವರಿಗೆ ಉತ್ತರ ಹೇಳಬಲ್ಲವನನ್ನು ಯಾರೂ ಪೂರ್ತಿ ಗುಲಾಮನನ್ನಾಗಿ ಮಾಡಲಾರರು. ಇಸ್ಮೆ ಜಮೈಕಾದ ವಿಶ್ವವಿದ್ಯಾಲಯದಲ್ಲಿ ಅವನ ತರಗತಿಯಲ್ಲಿ ಕೂತಿದ್ದಾಗ ಎದ್ದು ನಿಂತು ಕೇಳಿದ್ದಳು: ಕನಸಿಗೆ ಸಾಕ್ಷಿ ಯಾರು ಸರ್? ಇಡೀ ತರಗತಿ ನಕ್ಕಿತ್ತು. ಅವನು ನಗದೆ, "ಮರುದಿನ ಅಡುಗೆ ಮಾಡುವವರು," ಎಂದಿದ್ದ. ಅವತ್ತೇ ಅವಳು ಅವನಿಗೆ ಸೋತದ್ದು. ಆ ಉತ್ತರ ತನಗಾಗಿ ಹುಟ್ಟಿತು ಎಂದು ಏಳು ವರ್ಷ ನಂಬಿದ್ದಳು. ಈಗ ಹಲಗೆಯ ಮೇಲೆ ಬೆರಳಿಟ್ಟುಕೊಂಡು ನಿಂತಾಗ ಅನಿಸಿತು, ಅದು ಕೂಡ ಮೆಲ್ಟಾಳ ಮಾತಿರಬೇಕು. ಶವಸಂಸ್ಕಾರದ ದಿನ ರಾಜಧಾನಿಯಿಂದ ಬಂದವರು ಆ ಸಾಲುಗಳನ್ನು ಓದಿದಾಗ ಹೆಂಗಸರ ಹಿಂದಿನ ಸಾಲಿನಲ್ಲಿ ಒಂದು ದಪ್ಪ ಹೆಂಗಸು, ತನ್ನ ಕೋಳಿಯನ್ನು ಬೇರೆಯವರ ಅಂಗಳದಲ್ಲಿ ಗುರುತು ಹಿಡಿದವಳಂತೆ, ತಲೆಯಾಡಿಸಿದ್ದಳು. ಇಸ್ಮೆ ಮುಂದಿನ ಸಾಲಿನಿಂದ ತಿರುಗಿ ನೋಡಿದ್ದಳು, ತಿರುಗಬಾರದಿತ್ತು.

ಮಧ್ಯಾಹ್ನ ಕಾರ್ಲಿಲ್ ಬಂದ. ಅವನೇ ಆ ಭಾಷಣ ಮಾಡಿದವನು, ಆಲ್ಡ್ವಿನ್‌ನ ಜೊತೆ ಚಳವಳಿಯಲ್ಲಿದ್ದವನು, ಈಗ ಪಟ್ಟಣದಲ್ಲಿ ಕಾಲೇಜು ನಡೆಸುವವನು. ಹಿಲ್ಸ್‌ಬರೋ ಬಂದರಿನಲ್ಲಿ ಉಳಿದುಕೊಂಡಿದ್ದ. ನಾಳೆ ಬೆಳಿಗ್ಗೆಯ ಹಡಗಿಗೆ ಹಸ್ತಪ್ರತಿಯನ್ನು ಮುದ್ರಣಕ್ಕೆ ಒಯ್ಯಬೇಕು. ಬೆವರು ಒರೆಸಿಕೊಂಡು ಕೂತು, ಅವಳು ಕೊಟ್ಟ ನಿಂಬೆ ಪಾನಕ ಕುಡಿದು, ಕಟ್ಟನ್ನು ಬಿಚ್ಚಿ ಕೊನೆಯ ಪುಟವನ್ನೇ ಮೊದಲು ತೆಗೆದ. ಕೊನೆಯನ್ನು ಮೊದಲು ಓದುವವರನ್ನು ಕಂಡರೆ ಆಲ್ಡ್ವಿನ್‌ಗೆ ಆಗುತ್ತಿರಲಿಲ್ಲ ಎಂದು ಅವಳು ನೆನೆದಳು, ಹೇಳಲಿಲ್ಲ.

"ಕೇಳು," ಎಂದು ಅವನು ಗಟ್ಟಿಯಾಗಿ ಓದಿದ. "'ಈ ನಲವತ್ತೊಂದು ಜನರ ಮನೆತನದಲ್ಲಿ ಈಗ ಯಾರೂ ಉಳಿದಿಲ್ಲ. ಕೇಳುವವರಿದ್ದಾರೆ, ಕೇಳಿಸಿಕೊಳ್ಳುವವರಿಲ್ಲ. ಆದ್ದರಿಂದ ಇವರು ನಮ್ಮೆಲ್ಲರ ಸತ್ತವರು. ಇವರಿಗೆ ನಾವೆಲ್ಲರೂ ಉತ್ತರ ಹೇಳಬೇಕು.' ಎಂಥಾ ಮುಕ್ತಾಯ ನೋಡಿದ್ಯಾ. ಇಡೀ ಪುಸ್ತಕ ಈ ಒಂದು ಮೊಳೆ ಮೇಲೆ ನಿಂತಿದೆ."

"ಹೌದು," ಅಂದಳು ಇಸ್ಮೆ. ಅವಳೇ ಹನ್ನೆರಡು ಸಲ ಟೈಪ್ ಮಾಡಿದ ಪುಟ. ಮನೆತನದಲ್ಲಿ ಯಾರೂ ಉಳಿದಿಲ್ಲ. ಸುಮ್ಮನಿದ್ದರೆ ಸಾಕಿತ್ತು. ತಾನು ಏನೂ ಮಾಡಬೇಕಾಗಿರಲಿಲ್ಲ. ಅಚ್ಚಿನ ಮೊಳೆಗಳೇ ಮೆಲ್ಟಾಳನ್ನು ಇಲ್ಲವಾಗಿಸುತ್ತಿದ್ದವು, ಅದೂ ಅವನ ಕೈಬರಹದಿಂದ, ಅವನ ಒಪ್ಪಿಗೆಯಿಂದ. ನೂರು ವರ್ಷದ ಮೇಲೆ ಯಾರಾದರೂ ಓದಿದರೆ ಲೆಸ್ಟರ್‌ನಲ್ಲಿ ಅಂಥ ಹೆಂಗಸು ಇರಲೇ ಇಲ್ಲ, ಶನಿವಾರಗಳೂ ಇರಲಿಲ್ಲ. ಮುನ್ನುಡಿಯಲ್ಲಿ ಇಸ್ಮೆಯ ಹೆಸರಿರುತ್ತದೆ. ಈ ಯೋಚನೆ ಬಾಯಿಯಲ್ಲಿ ಸಿಹಿಯಂತೆ ಹರಡಿತು, ಅವಳಿಗೆ ಹೇಸಿಗೆಯಾಗಲಿಲ್ಲ.

"ಆ ಹಲಗೇನೂ ಕೊಟ್ಬಿಡು," ಕಾರ್ಲಿಲ್ ಅಂದ. "ಕಾಲೇಜಲ್ಲಿ ಗಾಜಿನ ಪೆಟ್ಟಿಗೆ ಮಾಡಿಸ್ತೀನಿ. ಡಾಕ್ಟರ್ ಕ್ವಾಶಿ ಬರೆದ ಹಲಗೆ. ಹೇಗೂ ದಿಕ್ಕುದೆಸೆ ಇಲ್ಲದ ಮಾಲು."

"ದಿಕ್ಕಿದೆ."

"ಏನಂದೆ?"

"ಅದಕ್ಕೆ ಮನೆಯವರಿದಾರೆ. ಲೆಸ್ಟರ್‌ನಲ್ಲಿ."

ಕಾರ್ಲಿಲ್ ಪಾನಕದ ಲೋಟ ಕೆಳಗಿಟ್ಟ. ಅವಳ ಮುಖವನ್ನೂ ಪುಟವನ್ನೂ ಒಂದಾದ ಮೇಲೊಂದು ನೋಡಿ, ಮೆಲ್ಲಗೆ ಕೇಳಿದ, "ಇದು ಇನ್ನ್ಯಾರಿಗೆ ಗೊತ್ತು?"

"ಊರಿಗೆಲ್ಲ ಗೊತ್ತು. ನನಗೆ ಇವತ್ತು ಗೊತ್ತಾಯ್ತು."

"ಊರು ಪುಸ್ತಕ ಓದಲ್ಲ ಬಿಡು." ಅವನು ನಕ್ಕ. "ನೋಡು ತಂಗಿ, ಆಲ್ಡ್ವಿನ್ ದೊಡ್ಡ ಮನುಷ್ಯ. ದೊಡ್ಡ ಮಾತು ಹೇಳೋಕೆ ಒಂದು ಸಣ್ಣ ಮನೆ ಖಾಲಿ ಮಾಡ್ದ ಅಂತಿಟ್ಕೋ. ಅದೇನು ಪಾಪಾನ?"

"ಈ ಪುಟ ಇಲ್ಲೇ ಇರಲಿ. ತಿದ್ದಿ ಬೆಳಿಗ್ಗೆ ಹಡಗಿನ ಹತ್ರ ತಂದು ಕೊಡ್ತೀನಿ."

"ಟೈಪ್ ಮಾಡಿದೋರು ಕಾಗುಣಿತ ತಿದ್ದಬಹುದು," ಎಂದ ಕಾರ್ಲಿಲ್, ಎದ್ದು ನಿಂತು, ಪ್ರೀತಿಯಿಂದಲೇ. "ಅವನ ತಲೆ ತಿದ್ದೋಕಾಗಲ್ಲ." ಪುಟ ಬಿಟ್ಟು ಉಳಿದ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಅವನು ಶವದ ಪಕ್ಕ ನಿಂತು ಮಾತಾಡಿದಾಗಲೂ ಅವಳನ್ನು ಕರೆದದ್ದು ಹಾಗೇ: ಡಾಕ್ಟರರ ಮಡದಿ, ಅವರ ನಿಷ್ಠಾವಂತ ಬೆರಳಚ್ಚುಗಾರ್ತಿ.

ಅವಳು ಹಲಗೆಯನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡಳು. ಪರರದ್ದನ್ನು ಹಿಂದಿರುಗಿಸುವ ಧರ್ಮಕ್ಕೆ ಹೊರಟಿರಲಿಲ್ಲ. ಆ ಮನೆಯನ್ನು ನೋಡಬೇಕಾಗಿತ್ತು. ಅವನು ಎಲ್ಲಿ ಕೂರುತ್ತಿದ್ದ, ಯಾವ ಬಟ್ಟಲಲ್ಲಿ ತಿನ್ನುತ್ತಿದ್ದ, ಅವನ ಮುಖಕ್ಕೆ ಯಾವ ಕಿಟಕಿಯಿಂದ ಬೆಳಕು ಬೀಳುತ್ತಿತ್ತು. ಕೈಯಲ್ಲಿ ಏನೂ ಇಲ್ಲದೆ ಹೋದರೆ ಜಗಳಕ್ಕೆ ಬಂದವಳಾಗುತ್ತಾಳೆ. ಹಲಗೆ ಇದ್ದರೆ ಒಳಗೆ ಕರೆಯಲೇಬೇಕು. ದಾರಿಯಲ್ಲಿ ತೊಗರಿ ಹೊಲದಲ್ಲಿದ್ದ ಹೆಂಗಸರು ಕತ್ತು ನಿಗುರಿಸಿ ನೋಡಿದರು. ಗಂಡ ಸತ್ತ ನಾಲ್ಕನೇ ದಿನಕ್ಕೆ ಕ್ವಾಶಿಯ ಹೆಂಡತಿ ಏನೋ ಹೊತ್ತುಕೊಂಡು ಹೊರಟಿದ್ದಾಳೆ. "ಪಟ್ಟಣಕ್ಕೆ ವಾಪಸ್ಸಾ?" ಎಂದು ಒಬ್ಬಳು ಕೂಗಿದಳು. "ಇಲ್ಲಮ್ಮಾ, ಲೆಸ್ಟರ್‌ಗೆ." ಆ ಹೆಂಗಸು ಪಕ್ಕದವಳ ಕಡೆ ತಿರುಗಿ ಏನೋ ಅಂದಳು, ಇಬ್ಬರೂ ಬಗ್ಗಿ ಕೆಲಸಕ್ಕೆ ಕೈ ಹಾಕಿದರು, ಬಗ್ಗಿದ ಬೆನ್ನುಗಳು ನಗುವಿಗೆ ಅಲುಗುತ್ತಿದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಮನೆಯ ಕುಲದ ಕುಣಿತಕ್ಕೆ ಹೋಗಿದ್ದಳು. ನಗಾರಿಯ ಸುತ್ತ ಒಂದೊಂದೇ ಕುಲದವರು ತಮ್ಮ ಸರದಿ ಬಂದಾಗ ವೃತ್ತದೊಳಕ್ಕೆ ಇಳಿಯುತ್ತಿದ್ದರು. ನಿನ್ನದು ಯಾವ ಕುಲ ಎಂದು ಯಾರೋ ಮುದುಕಿ ಕೇಳಿದಳು. ಗೊತ್ತಿಲ್ಲ ಎಂದಳು ಇಸ್ಮೆ. ಮುದುಕಿ ಅಯ್ಯೋ ಎಂದು ಅವಳ ಕೆನ್ನೆ ಸವರಿ, ಅನಾಥ ಮಗುವಿಗೆ ಕೊಡುವಂತೆ ಒಂದು ತುಂಡು ಕೋಳಿ ಕೊಟ್ಟಿದ್ದಳು. ಅವತ್ತು ವೃತ್ತದ ನಡುವೆ ಹಾಡು ಎತ್ತಿಕೊಡುತ್ತಿದ್ದವಳೇ ಮೆಲ್ಟಾ. ಆಲ್ಡ್ವಿನ್ ಅವಳನ್ನು ನೋಡುತ್ತ ನಿಂತಿದ್ದ, ಗಿಡದ ಬೇರು ನೋಡುವವನಂತೆ, ಹೆಂಗಸನ್ನು ನೋಡುವವನಂತೆ ಅಲ್ಲ. ಹೆಂಗಸನ್ನು ನೋಡುವಂತೆ ನೋಡಿದ್ದರೆ ಇಸ್ಮೆ ಎದುರು ನಿಲ್ಲಬಹುದಿತ್ತು, ತನಗೆ ಈಗಲೂ ಇಪ್ಪತ್ತೊಂಬತ್ತೇ ವರ್ಷ. ಬೇರಿನ ಎದುರು ಹೇಗೆ ನಿಲ್ಲುವುದು?

ಮೆಲ್ಟಾ ಅಂಗಳದ ಬಾದಾಮಿ ಮರದ ಕೆಳಗೆ ಬೆಂಚಿನ ಮೇಲೆ ಕೂತು ತೊಗರಿಕಾಯಿ ಸುಲಿಯುತ್ತಿದ್ದಳು. ಹತ್ತಿರದಿಂದ ನೋಡಿದರೆ ಅರವತ್ತರ ಹತ್ತಿರದವಳು. ಕಣ್ಣಿನಲ್ಲಿ ಪೊರೆ ಬರುತ್ತಿತ್ತು. ಹೆಜ್ಜೆಯ ಸದ್ದಿಗೆ ಮುಖ ಎತ್ತಿ, ತಲೆಯ ಮೇಲಿನ ಉದ್ದ ಗಂಟನ್ನು ನೋಡಿ, "ಕ್ವಾಶಿ ಹೆಂಡತಿ," ಅಂದಳು. "ಬಾ ಮಗಳೇ, ಕೂತ್ಕೋ. ಭಾರ ಇಳಿಸು."

ಇಸ್ಮೆ ಕೂತಳು. ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡಳು, ಕೊಡಲಿಲ್ಲ. ಇನ್ನೊಂದು ಬೆಂಚು ಇರಲಿಲ್ಲ. ಹಾಗಾದರೆ ಅವನು ಇದೇ ಬೆಂಚಿನ ಮೇಲೆ, ಇದೇ ತುದಿಯಲ್ಲಿ ಕೂರುತ್ತಿದ್ದ. ಅಡುಗೆಮನೆಯ ಗೋಡೆಗೆ ಉಪ್ಪು ಹಚ್ಚಿದ ಮೀನಿನ ಸೀಳುಗಳು ತಂತಿಯ ಮೇಲೆ ಒಣಗುತ್ತಿದ್ದವು. ನೊಣ ಓಡಿಸಲು ಕಟ್ಟಿದ ಬಟ್ಟೆ ಗಾಳಿಗೆ ಅಲುಗುತ್ತಿತ್ತು.

"ಅವನು ಉಪ್ಪು ತಿನ್ನಬಾರದಿತ್ತು," ಅಂದಳು ಇಸ್ಮೆ. ಬೇರೆ ಏನೋ ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದಳು.

"ಹೌದಾ?"

"ವೈದ್ಯರು ಹೇಳಿದ್ರು. ಉಪ್ಪೇ ಅವನನ್ನ ತಿಂದಿದ್ದು."

ಮೆಲ್ಟಾ ಸುಲಿಯುವುದನ್ನು ನಿಲ್ಲಿಸಿದಳು. "ನಂಗ್ಯಾರು ಹೇಳಿದ್ರು ಇದನ್ನ? ಹೆಂಡತಿ ಓದಿದೋಳು, ಅಡುಗೆ ಬರಲ್ಲ, ಉಪ್ಪು ಹಾಕೋಕೆ ಮರೀತಾಳೆ ಅಂತಿದ್ದ. ಪಾಪ ಅಂತ ಹಾಕ್ತಿದ್ದೆ." ಕೈಯಲ್ಲಿದ್ದ ಕಾಯಿ ಬುಟ್ಟಿಗೆ ಹಾಕಿ, "ಎರಡೆರಡು ಸಲ ಹಾಕಿಸ್ಕೊಂಡು ತಿಂತಿದ್ದ," ಎಂದಳು. ಅವಳ ದೊಡ್ಡ ಮುಖ ಕುಸಿಯಿತು. ಇಸ್ಮೆಗೆ ಆ ಕುಸಿತವನ್ನು ನೋಡಿ ಸಮಾಧಾನವಾಗಬೇಕಿತ್ತು; ಅದಕ್ಕಾಗಿಯೇ ಹೇಳಿದ್ದಳು. ಅಡುಗೆ ಬಾರದವಳು. ಆ ಮಾತೊಂದೇ ಕಿವಿಯಲ್ಲಿತ್ತು.

"ಕನಸಲ್ಲಿ ಯಾವ ಅಂಗಿ ಹಾಕಿದ್ದ?"

"ಯಾರು?"

"ಆಲ್ಡ್ವಿನ್. ನಿನ್ನೆ ರಾತ್ರಿ."

"ಅವನೆಲ್ಲಿ ಬಂದ? ಬಂದೋಳು ನಮ್ಮಮ್ಮ. ಅವಳು ಸತ್ತು ಮೂರು ವರ್ಷ ಆಯ್ತು, ಇನ್ನೂ ಗೋರಿಗೆ ಕಲ್ಲು ನಿಲ್ಸಿಲ್ಲ. ಮುಚ್ಚಳ ಎಲ್ಲೇ, ಅದರ ಮೇಲೆ ನನ್ನ ಹೆಸರು ಯಾವಾಗ ಕೆತ್ತಿಸ್ತೀಯೆ ಅಂತ ಎರಡು ವರ್ಷದಿಂದ ಬರ್ತಾಳೆ. ಬೆಳಿಗ್ಗೆ ಮೀನಿಗೆ ಅಂತ ಬಂದಾಗ ಯೂನೀಸ್‌ಗೂ ಅದನ್ನೇ ಹೇಳ್ದೆ."

"ಅಕ್ಕ ಬೇರೆ ಥರ ಹೇಳಿದ್ರು."

"ಅವಳಿಗೆ ತಮ್ಮ ಬರಬೇಕು. ಯಾರ ಮನೆಗಾದ್ರೂ ಸರಿ, ಬಂದ ಅಂದ್ರೆ ಸಾಕು."

ಇಸ್ಮೆ ಒಣಗುವ ಮೀನಿನ ಕಡೆ ನೋಡಿದಳು. ಬೆಳಿಗ್ಗೆಯಿಂದ ಎದೆಯಲ್ಲಿ ಹಿಡಿದುಕೊಂಡಿದ್ದದ್ದು ಒಮ್ಮೆಲೇ ಹಿಡಿತಕ್ಕೆ ಸಿಗದಾಯಿತು. ಅವನು ಇಲ್ಲಿಗೂ ಬಂದಿರಲಿಲ್ಲ. ಇಲ್ಲಿಗೆ ಬಂದಿದ್ದಾನೆ ಎಂದಾಗ ಹೊಟ್ಟೆಕಿಚ್ಚಿಗಾದರೂ ಅವನು ಎಲ್ಲೋ ಇದ್ದ. ಈಗ ಎಲ್ಲೂ ಇರಲಿಲ್ಲ. ಮಣ್ಣು ಹಾಕಿದ ದಿನ ಆಗಬೇಕಾದದ್ದು ಈ ಪರರ ಅಂಗಳದಲ್ಲಿ, ಹಲಗೆ ತೊಡೆಯ ಮೇಲಿಟ್ಟುಕೊಂಡು ಕೂತಾಗ ಆಯಿತು. ಅಳು ಬರಲಿಲ್ಲ, ಹಲಗೆಗೆ ಸುತ್ತಿದ ಚಾದರದ ಗಂಟನ್ನು ಬಿಗಿ ಮಾಡಿದಳು.

"ಇದನ್ನ ವಾಪಸ್ ಕೇಳಲಿಲ್ವಾ ನೀವು?"

"ಪ್ರತಿ ಶನಿವಾರ ಕೇಳ್ತಿದ್ದೆ. ಒಂದು ವಾರಕ್ಕೆ ಅಂತ ಒಯ್ದೋನು. ಮುಂದಿನ ವಾರ, ಮೆಲ್ಟಾ, ಮುಂದಿನ ವಾರ. ಆಮೇಲೆ, ನನ್ನ ಹೆಂಡತಿಗೆ ಅದರ ಮೇಲೆ ಪ್ರಾಣ, ಅವಳಿಗೆ ಮಕ್ಕಳಿಲ್ಲ, ಹ್ಯಾಗೆ ಕಿತ್ಕೊಳ್ಳಲಿ ಅಂತ ಶುರು ಮಾಡ್ದ. ಸಿಟ್ಟು ಬರ್ತಿತ್ತು ನಂಗೆ ನಿನ್ನ ಮೇಲೆ. ನೋಡಿರಲಿಲ್ಲ, ಆದ್ರೂ ಬರ್ತಿತ್ತು."

"ನನಗೆ ವಾರಸುದಾರರಿಲ್ಲ ಅಂದಿದ್ದ," ಅಂದಳು ಇಸ್ಮೆ. ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ಪುಸ್ತಕದಲ್ಲೂ ಬರೆದಿದಾನೆ. ಈ ಮನೆತನದಲ್ಲಿ ಈಗ ಯಾರೂ ಉಳಿದಿಲ್ಲ ಅಂತ."

ಮೆಲ್ಟಾ ಅವಳ ಕಡೆ ಪೂರ್ತಿ ತಿರುಗಿದಳು. "ಹಾಗಾದ್ರೆ ಶನಿವಾರ ಶನಿವಾರ ಮೀನು ಹುರಿದು ಹಾಕ್ತಿದ್ದೋಳು ಯಾರು?"

ಅವಳ ಹೊಟ್ಟೆಯಿಂದ ನಗು ಎದ್ದಿತು, ದಪ್ಪನೆಯ ನಗು, ತೊಗರಿಕಾಯಿಯ ಬುಟ್ಟಿ ಅಲುಗಿ ಕಾಯಿಗಳು ಚೆಲ್ಲಿದವು. ಇಸ್ಮೆಯೂ ನಕ್ಕಳು. ನಗುತ್ತಿರುವಾಗಲೇ ಅವಳಿಗೆ ಕಂಡಿತು: ಸತ್ತವರ ಮಾತು ಕೇಳಿಸಿಕೊಳ್ಳಿ ಎಂದು ಲೋಕಕ್ಕೆಲ್ಲ ಹೇಳಿದವನು, ಬದುಕಿದವಳೊಬ್ಬಳು ನೂರು ಶನಿವಾರ ಪಕ್ಕದಲ್ಲೇ ಕೂತು ಕೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ. ಹಾಗೆಂದು ಅವನ ಮಾತು ಸುಳ್ಳಾಗಲಿಲ್ಲ. ಅದೇ ಕಷ್ಟವಾಗಿತ್ತು. ನಾಳೆ ಆ ವಾಕ್ಯ ಹೊಡೆದುಹಾಕಬೇಕು, ಹೊಡೆದುಹಾಕಿದರೆ ಕೊನೆಯ ಅಧ್ಯಾಯ ಕುಂಟುತ್ತದೆ. ಕುಂಟಲಿ. ಮೆಲ್ಟಾಳ ನಗು ನಡುವೆ ತುಂಡಾಗಿ, ಅವಳು ಸೆರಗಿನಂತೆ ಹೊದ್ದ ಬಟ್ಟೆಯಿಂದ ಕಣ್ಣು ಒರೆಸಿಕೊಂಡು, "ಹಾಳಾದೋನು," ಎಂದಳು, ಇಸ್ಮೆ ತನ್ನ ಕೋಣೆಯಲ್ಲಿ ಒಬ್ಬಳೇ ಇದ್ದಾಗಲೂ ಎಂದೂ ಅನ್ನಲಾಗದ ಸಲುಗೆಯಿಂದ. ಅದನ್ನು ಕೇಳಿ ಹೊಟ್ಟೆಕಿಚ್ಚು ಮತ್ತೆ ಬಂತು. ಅದು ಎಲ್ಲಿಗೂ ಹೋಗಿರಲಿಲ್ಲ.

"ತೋರಿಸು," ಅಂದಳು ಮೆಲ್ಟಾ.

ಇಸ್ಮೆ ಚಾದರ ಬಿಚ್ಚಿದಳು. ಹಲಗೆ ಅವಳ ತೊಡೆಯ ಮೇಲೇ ಇತ್ತು, ಎರಡು ಅಂಚನ್ನೂ ಎರಡು ಕೈಯಲ್ಲಿ ಹಿಡಿದಿದ್ದಳು. ಮೆಲ್ಟಾ ಹತ್ತಿರ ಸರಿದು, ಬಾಗಿ, ಬಲಗೈಯ ಬೆರಳುಗಳನ್ನು ಮೊದಲ ಸಾಲಿನ ಮೇಲಿಟ್ಟಳು. ಅಕ್ಷರ ಬಾರದವಳು. ಒಂದೊಂದು ಗೀರನ್ನೂ ಬೆರಳು ಸವರಿ ಗುರುತು ಹಿಡಿಯುತ್ತಿತ್ತು, ಗುರುತು ಹಿಡಿದಾಗ ಬಾಯಿ ಹೆಸರು ಹೇಳುತ್ತಿತ್ತು, ಗಟ್ಟಿಯಾಗಲ್ಲ, ಪಕ್ಕದ ಕೋಣೆಯಲ್ಲಿದ್ದವರನ್ನು ಕರೆಯುವಷ್ಟು. ಕೂಬಾ. ಮಾ ಆಡೆಲ್. ಕ್ವಾಮಿನಾ. ದೋಣಿಯ ಸಾಂಪ್ಸನ್. ಅವನ ತಂಗಿ ರೋಸೆಟ್. ಇಸ್ಮೆ ಟೈಪ್ ಮಾಡಿದ್ದು ಬರೀ ಸಾಂಪ್ಸನ್, ಬರೀ ರೋಸೆಟ್. ದೋಣಿಯೂ ತಂಗಿಯೂ ಹಲಗೆಯಲ್ಲಿರಲಿಲ್ಲ, ಬೆರಳಿನಲ್ಲಿದ್ದವು. ಮೆಲ್ಟಾಳ ಮೈಯಿಂದ ಹೊಗೆಯ, ಬೆವರಿನ ವಾಸನೆ ಬರುತ್ತಿತ್ತು. ಹದಿನಾರು ಹೆಸರಾಯಿತು. ಬೆರಳು ಮುಂದೆ ಹೋಗಿ, ನಿಂತು, ಹಿಂದೆ ಬಂದು, ಮತ್ತೆ ಮುಂದೆ ಹೋಯಿತು. ಅಲ್ಲಿ ಮರ ನುಣ್ಣಗಿತ್ತು.

"ಇಲ್ಲಿ ಯಾರೋ ಇದ್ರಲ್ಲ," ಅಂದಳು ಮೆಲ್ಟಾ.

ಅಲ್ಲಿ ಆಲ್ಡ್ವಿನ್‌ನ ಬಲ ಮೊಣಕೈ ಇರುತ್ತಿತ್ತು. ಎರಡು ವರ್ಷ, ದಿನಾ ಐದಾರು ತಾಸು, ಬರೆಯುವಾಗ ಅವನ ಮೊಣಕೈ ಹಿಂದಕ್ಕೂ ಮುಂದಕ್ಕೂ ಹೋಗಿ ಆ ಗೀರುಗಳನ್ನು ತಿಂದಿತ್ತು.

"ಅಮ್ಮನಿಗೆ ಪೂರ್ತಿ ಬಾಯಲ್ಲಿತ್ತು. ನಂಗೆ ಮುಟ್ಟಿದ್ರೆ ಬರ್ತಿತ್ತು. ಜಸ್ಟಿನ್ ಆದ್ಮೇಲೆ, ಫೋಬಿಗಿಂತ ಮುಂಚೆ... ಯಾರು ಇವಳು?" ಮೆಲ್ಟಾಳ ದನಿ ಮೊದಲ ಸಲ ಹೆದರಿತು. ಒಬ್ಬರನ್ನು ಬಿಟ್ಟು ಕರೆದರೆ ಉಳಿದವರೂ ಊಟಕ್ಕೆ ಕೂರುವುದಿಲ್ಲ ಎಂಬುದು ಇಸ್ಮೆಗೂ ಗೊತ್ತಿತ್ತು, ಅವಳೇ ಆರನೇ ಅಧ್ಯಾಯದಲ್ಲಿ ಟೈಪ್ ಮಾಡಿದ್ದಳು. ಹೆಸರು ಅವಳ ನಾಲಿಗೆಯ ತುದಿಯಲ್ಲಿತ್ತು. ಹನ್ನೆರಡು ಸಲ ಬೆರಳಿನಲ್ಲಿ ಹಾದುಹೋದದ್ದು. ಈ ಹೊತ್ತಿಗೆ, ಈ ಇಡೀ ದ್ವೀಪದಲ್ಲಿ, ಅದು ತನಗೊಬ್ಬಳಿಗೆ ಗೊತ್ತಿದೆ. ಮೆಲ್ಟಾಳ ಬಳಿ ಇಲ್ಲದ್ದು ಒಂದು ತನ್ನ ಬಳಿ ಇದೆ. ಅವಳು ಅದನ್ನು ಬಾಯಿಯಲ್ಲಿ ಇಟ್ಟುಕೊಂಡು ಕೂತಳು. ಬಾದಾಮಿಯ ಎಲೆಯೊಂದು ಬಿತ್ತು. ಮುದುಕಿಯ ಬೆರಳು ಆ ನುಣುಪಿನ ಮೇಲೆ ಸುತ್ತುತ್ತಲೇ ಇತ್ತು, ಬಾಗಿಲು ಮುಚ್ಚಿದ ಮನೆಯ ಸುತ್ತ ಓಡಾಡುವವರ ಹಾಗೆ.

"ಬೆನೆಬಾ," ಅಂದಳು ಇಸ್ಮೆ.

"ಏನು?"

"ಬೆನೆಬಾ. ಹದಿನೇಳನೆಯವಳು."

ಮೆಲ್ಟಾ ಕಣ್ಣು ಮುಚ್ಚಿದಳು. "ಬೆನೆಬಾ," ಎಂದು ಹೇಳಿ, ಉಗುರಿನಿಂದ ಆ ನುಣುಪಿನ ಮೇಲೆ ಒಂದು ಗೀರು ಎಳೆದಳು. "ಯಾರ ಮಗಳು?"

"ಅದು ನಂಗೊತ್ತಿಲ್ಲ."

"ಇರಲಿ. ಬಂದಾಗ ಕೇಳ್ತೀನಿ."

ಇಸ್ಮೆ ಅಂಚು ಹಿಡಿದಿದ್ದ ಕೈಗಳನ್ನು ಬಿಡಿಸಿಕೊಂಡು, ಹಲಗೆಯನ್ನು ತನ್ನ ತೊಡೆಯಿಂದ ಮುದುಕಿಯ ತೊಡೆಯ ಮೇಲಕ್ಕೆ ಸರಿಸಿದಳು.